ವಾಟ್ಸ್‌ಆಪ್ ಬರ್ತೈತಿ, ಬ್ರೌಸರ್ ತೆರೆಯೂದಿಲ್ಲ: ಕೆಟ್ಟಿದ್ದು ಯಾವುದು?

ಪ್ರಶ್ನೆ: ಮನ್ಯಾಗ ಫೈಬರ್ ಕನೆಕ್ಷನ್ ಐತ್ರಿ. ಮೊಬೈಲ್‌ನ್ಯಾಗ ವಾಟ್ಸ್‌ಆಪ್ ಮೆಸೇಜ್ ಬರ್ತಾವು, ಆದ್ರ ಕಂಪ್ಯೂಟರ್‌ನ್ಯಾಗ ಕ್ರೋಮ್ ತಗದ್ರ ಒಂದ್ ಪೇಜೂ ತೆರೆಯೂದಿಲ್ಲ. ಹೊಲದ ಉತಾರ (ಪಹಣಿ) ತೆಗೀಲಿಕ್ಕೆ ಕುಂತ್ರ ‘ದಿಸ್ ಸೈಟ್ ಕಾಂಟ್ ಬಿ ರೀಚ್ಡ್’ ಅಂತ ಬರ್ತೈತಿ. ಕ್ರೋಮ್ ತಗದು ಮತ್ತ ಹಾಕಿದ್ರೂ ಅಷ್ಟ. ಕೆಟ್ಟಿದ್ದು ರೌಟರೋ, ಕಂಪ್ಯೂಟರೋ, ಕ್ರೋಮೋ? (ರೋಣ, ಗದಗ ಜಿಲ್ಲೆ)

ಉತ್ತರ: ಬಹುತೇಕ ಕ್ರೋಮ್ ಅಲ್ಲ. ಬ್ರೌಸರ್ ತೆಗೆದು ಮತ್ತೆ ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಬಹಳ ಸಲ ದಂಡವಾಗುವ ಉಪಾಯವೂ ಅದೇ. ಒಂದು ಪುಟ ತೆರೆಯಬೇಕಾದರೆ ಹೊರಗಿನ ಫೈಬರ್, ಮನೆಯ ರೌಟರ್, ಕಂಪ್ಯೂಟರಿಗೆ ಸಿಕ್ಕ ಐಪಿ ವಿಳಾಸ, ಸೈಟಿನ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಡಿಎನ್‌ಎಸ್, ಕೊನೆಗೆ ಕಂಪ್ಯೂಟರಿನ ಗಡಿಯಾರವೂ ನೆಟ್ಟಗಿರಬೇಕು. ಯಾವುದು ಕೈಕೊಟ್ಟರೂ ಬೈಸಿಕೊಳ್ಳುವುದು ಮಾತ್ರ ಬ್ರೌಸರ್. ಪಾಪ, ಅದು ಸುಮ್ಮನೂ ಇರುವುದಿಲ್ಲ. ಯಾರು ಕೈಕೊಟ್ಟರು ಎಂದು ಸಣ್ಣ ಅಕ್ಷರದಲ್ಲಿ ಬರೆದು ತೋರಿಸುತ್ತದೆ. ನೀವು ಓದಿದ್ದು ದೊಡ್ಡ ಅಕ್ಷರದ ತಲೆಬರಹ. ಬೇಕಾದದ್ದು ಅದರ ಕೆಳಗೆ, ಬೂದು ಬಣ್ಣದಲ್ಲಿ, ಪದಗಳ ನಡುವೆ ಅಡಿಗೆರೆ ಹಾಕಿ ಬರೆದಿರುವ ಸಾಲು. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ವಾಟ್ಸ್‌ಆಪ್ ಸಾಕ್ಷಿ ನಂಬುವಂಥದ್ದಲ್ಲ

ಮೆಸೇಜ್ ಬಂತೆಂದರೆ ನೆಟ್ ಸರಿ ಇದೆ ಅಂತಲ್ಲ. ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ಗೊತ್ತಾದ ಕೂಡಲೇ ಬಹಳಷ್ಟು ಫೋನುಗಳು ಸದ್ದಿಲ್ಲದೆ ಸಿಮ್ ಡೇಟಾಕ್ಕೆ ಹಾರುತ್ತವೆ. ಮೇಲೆ ವೈಫೈ ಗುರುತು ಹಾಗೇ ಇರುತ್ತದೆ, ಮೆಸೇಜ್ ಬರುವುದು ಮಾತ್ರ ಟವರಿನಿಂದ. ಆದ್ದರಿಂದ ಮೊಬೈಲ್ ಡೇಟಾ ಆಫ್ ಮಾಡಿ, ಬರೀ ವೈಫೈ ಮೇಲೆ ಫೋನಿನ ಬ್ರೌಸರಿನಲ್ಲಿ ಹಿಂದೆಂದೂ ತೆರೆಯದ ಒಂದು ಸೈಟ್ ತೆರೆಯಿರಿ. ಅಲ್ಲೂ ಬರಲಿಲ್ಲವೆಂದರೆ ತೊಂದರೆ ರೌಟರಿನಲ್ಲಿ ಅಥವಾ ಅದರಾಚೆ. ಫೋನಿನಲ್ಲಿ ಬಂದರೆ ತಪ್ಪು ಕಂಪ್ಯೂಟರಿನದು. ಒಂದು ನಿಮಿಷದ ಈ ಕೆಲಸದಿಂದ ಅರ್ಧ ಹುಡುಕಾಟ ಮುಗಿಯುತ್ತದೆ.

ಫೈಬರ್ ಇಲ್ಲದೆ ಮೊಬೈಲ್ ಹಾಟ್‌ಸ್ಪಾಟಿನ ಮೇಲೇ ಕಂಪ್ಯೂಟರ್ ನಡೆಸುವವರು ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಇದ್ದೇ ಇದ್ದಾರೆ. ಅವರ ಲೆಕ್ಕ ಬೇರೆ. ದಿನದ ಡೇಟಾ ಮುಗಿದ ಮೇಲೆ ಕಂಪನಿಗಳು ಸಾಮಾನ್ಯವಾಗಿ ನೆಟ್ ಪೂರ್ತಿ ನಿಲ್ಲಿಸುವುದಿಲ್ಲ, ವೇಗವನ್ನು 64 ಕೆಬಿಪಿಎಸ್‌ಗೆ ಇಳಿಸುತ್ತವೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ಒಂದೆರಡು ಕಿಲೋಬೈಟಿನ ವಾಟ್ಸ್‌ಆಪ್ ಮೆಸೇಜಿಗೆ ಅಷ್ಟು ಧಾರಾಳ ಸಾಕು. ಚಿತ್ರ, ಜಾಹೀರಾತು ತುಂಬಿದ 2 ಎಂಬಿ ಪುಟಕ್ಕೆ ನಾಲ್ಕು ನಿಮಿಷದ ಮೇಲೆ ಬೇಕು. ಅಷ್ಟು ಹೊತ್ತು ಕಾಯದೆ ಬ್ರೌಸರ್ ‘ಟೈಮ್ಡ್ ಔಟ್’ ಎಂದು ಕೈಚೆಲ್ಲುತ್ತದೆ. ಮೊಬೈಲ್ ಮುಟ್ಟೇ ಇಲ್ಲ, ಡೇಟಾ ಹೇಗೆ ಖಾಲಿಯಾಯಿತು ಅಂದರೆ, ಹಿಂದಿನಿಂದ ವಿಂಡೋಸ್ ಅಪ್‌ಡೇಟ್ ಕುಡಿದಿರುತ್ತದೆ. ಹಾಟ್‌ಸ್ಪಾಟಿಗೆ ಜೋಡಿಸಿದಾಗ ಸೆಟ್ಟಿಂಗ್ಸ್‌ನ ವೈಫೈ ಪ್ರಾಪರ್ಟೀಸ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿಟ್ಟರೆ ಈ ಕುಡಿತ ಬಹುಮಟ್ಟಿಗೆ ನಿಲ್ಲುತ್ತದೆ.

ಡಬ್ಬಿಯ ದೀಪ

ಫೋನು, ಕಂಪ್ಯೂಟರ್ ಎರಡರಲ್ಲೂ ಇಲ್ಲವೆಂದರೆ ಗೋಡೆಗೆ ಹೊಡೆದ ಫೈಬರ್ ಡಬ್ಬಿಯ ಹತ್ತಿರ ಹೋಗಿ. ‘ಪಾನ್’ ದೀಪ ಹಸಿರಾಗಿ ನಿಂತಿರಬೇಕು, ಮಿಣುಕಬಾರದು. ‘ಎಲ್‌ಒಎಸ್’ ಎಂಬುದು ಕೆಂಪಗೆ ಉರಿದರೆ ಬೆಳಕು ಡಬ್ಬಿಗೆ ಬರುತ್ತಲೇ ಇಲ್ಲ. ರಸ್ತೆ ಅಗೆದಾಗ ತಂತಿ ಹರಿದಿರಬಹುದು, ಅಟ್ಟದ ಮೇಲೆ ಇಲಿ ಕಡಿದಿರಬಹುದು. ಮನೆಯೊಳಗೆ ನೋಡಬಹುದಾದದ್ದು ಗೋಡೆಯ ಪೆಟ್ಟಿಗೆಯಿಂದ ಡಬ್ಬಿಗೆ ಬರುವ ಸಣ್ಣ ವೈರನ್ನು. ಸಾಮಾನ್ಯವಾಗಿ ಅದು ಹಳದಿ ಇಲ್ಲವೇ ಬಿಳಿ ಬಣ್ಣದ್ದು. ಅದರೊಳಗಿರುವುದು ಕೂದಲಿನಷ್ಟು ತೆಳ್ಳನೆಯ ಗಾಜಿನ ಎಳೆ. ಮೊಳೆಗೆ ಸುತ್ತಿಟ್ಟರೆ, ಕಪಾಟಿನ ಸಂದಿಯಲ್ಲಿ ಮಡಚಿಕೊಂಡರೆ ಬೆಳಕು ಬಾಗಿನಲ್ಲೇ ಸೋರಿಹೋಗುತ್ತದೆ. ಬಳೆಯ ಸುತ್ತಿಗಿಂತ ಚಿಕ್ಕದಾಗಿ ಅದನ್ನು ಸುತ್ತಬೇಡಿ. ತುದಿಯನ್ನು ಬಿಚ್ಚಿ ಕಣ್ಣಿಗೆ ಹಿಡಿದು ನೋಡುವುದಂತೂ ಬೇಡವೇ ಬೇಡ. ಒಳಗಿನ ಬೆಳಕು ಕಣ್ಣಿಗೆ ಕಾಣದ ಲೇಸರ್.

ದೀಪಗಳೆಲ್ಲ ಸರಿ ಇದ್ದೂ ನೆಟ್ ಇಲ್ಲದಿದ್ದರೆ ಕರೆಂಟ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ, ಮೂರು ನಿಮಿಷ ಕಾಯಿರಿ. ಹಿಂಬದಿಯ ‘ರೀಸೆಟ್’ ತೂತಿಗೆ ಪಿನ್ ಚುಚ್ಚಬೇಡಿ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಪಿನ್ ಚುಚ್ಚಿದರೆ ಕನೆಕ್ಷನ್ ಕೊಟ್ಟವರು ಒಳಗೆ ತುಂಬಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಅಳಿಸಿಹೋಗಬಹುದು. ಆಮೇಲೆ ಹತ್ತು ನಿಮಿಷದ ತೊಂದರೆ ಲೈನ್‌ಮ್ಯಾನ್ ಬರುವವರೆಗಿನ ತೊಂದರೆಯಾಗುತ್ತದೆ.

ಮೂರು ಪಿಂಗ್

ಕಂಪ್ಯೂಟರಿನಲ್ಲಿ ಮಾತ್ರ ತೊಂದರೆ ಎಂದಾದರೆ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ‘ಸಿಎಂಡಿ’ ಎಂದು ಇಂಗ್ಲಿಷಿನಲ್ಲಿ ಹೊಡೆದು ಎಂಟರ್ ಕೊಡಿ. ಕಪ್ಪು ಕಿಟಕಿಯಲ್ಲಿ ‘ಐಪಿಕಾನ್ಫಿಗ್’ (ipconfig) ಎಂದು ಹೊಡೆಯಿರಿ. ಎರಡು ಸಾಲು ಸಾಕು: ‘ಐಪಿವಿ4 ಅಡ್ರೆಸ್’ ಮತ್ತು ‘ಡೀಫಾಲ್ಟ್ ಗೇಟ್‌ವೇ’, ಅಂದರೆ ರೌಟರಿನ ವಿಳಾಸ. ವಿಳಾಸ 192.168 ಎಂದು ಶುರುವಾದರೆ ಸಾಮಾನ್ಯವಾಗಿ ಸರಿ. 169.254 ಎಂದು ಶುರುವಾದರೆ ರೌಟರ್ ಇದಕ್ಕೆ ವಿಳಾಸ ಕೊಟ್ಟೇ ಇಲ್ಲ, ವಿಂಡೋಸ್ ತನ್ನಷ್ಟಕ್ಕೆ ತಾನೇ ಒಂದು ಇಟ್ಟುಕೊಂಡಿದೆ. ಆಗ ಕೇಬಲ್ ತೆಗೆದು ಟಕ್ ಎಂದು ಸದ್ದು ಬರುವಂತೆ ಮತ್ತೆ ಕೂರಿಸಿ. ವೈಫೈ ಆದರೆ ‘ಫರ್ಗೆಟ್’ ಕೊಟ್ಟು ಪಾಸ್‌ವರ್ಡ್ ಹಾಕಿ ಹೊಸದಾಗಿ ಜೋಡಿಸಿ.

ಪಿಂಗ್ ಎಂದರೆ ಒಂದು ವಿಳಾಸವನ್ನು ಕೂಗಿ ಕರೆದು ಉತ್ತರ ಬರುತ್ತದೋ ಎಂದು ನೋಡುವುದು. ಈಗ ಒಂದಾದ ಮೇಲೊಂದು ಮೂರು ಪಿಂಗ್: ಮೊದಲು ‘ಪಿಂಗ್’ ಎಂದು ಹೊಡೆದು ಜಾಗ ಬಿಟ್ಟು ಆ ಗೇಟ್‌ವೇ ಅಂಕಿ, ಆಮೇಲೆ ‘ಪಿಂಗ್ 8.8.8.8’ (ಇದು ಗೂಗಲ್‌ನ ಡಿಎನ್‌ಎಸ್ ಸರ್ವರಿನ ವಿಳಾಸ), ಕೊನೆಗೆ ಪಿಂಗ್ ಜೊತೆಗೆ ಯಾವುದಾದರೂ ದೊಡ್ಡ ಸೈಟಿನ ಹೆಸರು. ಗೇಟ್‌ವೇ ಉತ್ತರ ಕೊಡದಿದ್ದರೆ ಕಂಪ್ಯೂಟರಿಗೂ ರೌಟರಿಗೂ ನಡುವೆ ಕಡಿದಿದೆ. ಗೇಟ್‌ವೇ ಉತ್ತರಿಸಿ 8.8.8.8 ಉತ್ತರಿಸದಿದ್ದರೆ ರೌಟರಿನಾಚೆ ಕಡಿದಿದೆ. ಅಂಕಿ ಎರಡೂ ಉತ್ತರಿಸಿ ಹೆಸರು ಮಾತ್ರ ‘ಕುಡ್ ನಾಟ್ ಫೈಂಡ್ ಹೋಸ್ಟ್’ ಎಂದರೆ ಅಪರಾಧಿ ಡಿಎನ್‌ಎಸ್. ಬೂದು ಸಾಲು ‘ಡಿಎನ್‌ಎಸ್ ಪ್ರೋಬ್’ ಎಂದೋ ‘ನೇಮ್ ನಾಟ್ ರಿಸಾಲ್ವ್ಡ್’ ಎಂದೋ ಇದ್ದರೂ ಹೇಳುವುದು ಇದನ್ನೇ. ವಾಟ್ಸ್‌ಆಪ್ ಒಮ್ಮೆ ಜೋಡಿಸಿಕೊಂಡ ಸಂಪರ್ಕವನ್ನು ಹಿಡಿದುಕೊಂಡೇ ಇರುವುದರಿಂದ ಡಿಎನ್‌ಎಸ್ ಸತ್ತ ಮೇಲೂ ಅದರಲ್ಲಿ ಕೆಲ ಹೊತ್ತು ಮೆಸೇಜ್ ಬರುತ್ತಿರುತ್ತವೆ. ಬ್ರೌಸರಿಗೆ ಆ ಅನುಕೂಲ ಇಲ್ಲ, ಪ್ರತಿ ಹೊಸ ಸೈಟಿಗೂ ವಿಳಾಸ ಕೇಳಲೇಬೇಕು.

ಇದಕ್ಕೆ ಮದ್ದು ಸುಲಭ. ವಿಂಡೋಸ್ ಕೀ ಮತ್ತು ಆರ್ ಒತ್ತಿ ‘ಎನ್‌ಸಿಪಿಎ.ಸಿಪಿಎಲ್’ (ncpa.cpl) ಹೊಡೆಯಿರಿ, ನಿಮ್ಮ ಕನೆಕ್ಷನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ‘ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4’ ಮೇಲೆ ಎರಡು ಸಲ ಕ್ಲಿಕ್. ಕೆಳಗಿನ ಅರ್ಧದಲ್ಲಿ ಡಿಎನ್‌ಎಸ್ ವಿಳಾಸ 8.8.8.8, ಅದರಡಿ 1.1.1.1 ಹಾಕಿ. ಮೇಲಿನ ಅರ್ಧ ‘ಆಟೋಮ್ಯಾಟಿಕಲಿ’ಯಲ್ಲೇ ಇರಲಿ, ಅದನ್ನು ಮುಟ್ಟಿದರೆ ಹೊಸ ಗೋಳು. ಬಳಿಕ ಕಪ್ಪು ಕಿಟಕಿಯಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ (ipconfig /flushdns) ಕೊಟ್ಟರೆ ಹಳೆಯ ನೆನಪು ಅಳಿಯುತ್ತದೆ.

ಕ್ರೋಮ್ ನಿಜವಾಗಿ ತಪ್ಪಿತಸ್ಥ ಆಗುವುದೂ ಉಂಟು, ಅದೂ ಇಲ್ಲೇ. ಅದರ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’, ‘ಸೆಕ್ಯುರಿಟಿ’ ಒಳಗೆ ‘ಯೂಸ್ ಸೆಕ್ಯೂರ್ ಡಿಎನ್‌ಎಸ್’ ಎಂಬುದಿದೆ. ಅಲ್ಲಿ ಯಾರೋ ಬೇರೆ ಸರ್ವರ್ ಆರಿಸಿಟ್ಟು, ಆ ಸರ್ವರ್ ನಿಂತುಹೋದರೆ ಫೈರ್‌ಫಾಕ್ಸ್ ಓಡುತ್ತದೆ, ಕ್ರೋಮ್ ಓಡುವುದಿಲ್ಲ. ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಇದರ ತಮ್ಮ. ಜಾಹೀರಾತು ತಡೆಯಲೆಂದು ಹಾಕಿ ಮರೆತದ್ದು ಒಂದು ದಿನ ಇಡೀ ನೆಟ್ಟನ್ನೇ ತಡೆಯುತ್ತದೆ. ‘ಆಟೋಮ್ಯಾಟಿಕ್’ ಮಾಡಿ ನೋಡಿ.

ಹಾಸ್ಟೆಲಿನಿಂದ ಮನೆಗೆ ಬಂದ ಲ್ಯಾಪ್‌ಟಾಪ್

ಧಾರವಾಡ, ಹುಬ್ಬಳ್ಳಿಯಲ್ಲಿ ಓದುವ ಮಕ್ಕಳ ಲ್ಯಾಪ್‌ಟಾಪು ರಜೆಗೆ ಊರಿಗೆ ಬಂದಾಗ ನೆಟ್ ನಿಂತರೆ ಮೊದಲು ಪ್ರಾಕ್ಸಿ ನೋಡಿ. ಕಾಲೇಜಿನ ಜಾಲದಲ್ಲಿ ಪ್ರಾಕ್ಸಿ, ಅಂದರೆ ನಡುವೆ ನಿಂತ ಸರ್ವರ್, ಇದ್ದರೆ ಪುಟಗಳೆಲ್ಲ ಅದರ ಮೂಲಕವೇ ಹೋಗಬೇಕು, ಅದಕ್ಕಾಗಿ 8080 ಅಥವಾ 3128 ಎಂಬಂಥ ಪೋರ್ಟ್ ಅಂಕಿ ಕೂಡಿಸಿ ಒಂದು ವಿಳಾಸ ತುಂಬಿರುತ್ತಾರೆ. ರಾಣೇಬೆನ್ನೂರಿನ ಮನೆಯಲ್ಲಿ ಆ ಸರ್ವರ್ ಎಲ್ಲಿಂದ ಬರಬೇಕು? ಬೂದು ಸಾಲಿನಲ್ಲಿ ‘ಪ್ರಾಕ್ಸಿ ಕನೆಕ್ಷನ್ ಫೇಲ್ಡ್’ ಎಂದಿರುತ್ತದೆ, ಪಿಂಗ್ ಮಾತ್ರ ಮೂರೂ ಸರಿ ಬರುತ್ತವೆ, ಏಕೆಂದರೆ ಪಿಂಗ್ ಪ್ರಾಕ್ಸಿಯನ್ನು ಕೇಳುವುದೇ ಇಲ್ಲ. ಸೆಟ್ಟಿಂಗ್ಸ್, ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’, ‘ಪ್ರಾಕ್ಸಿ’ಗೆ ಹೋಗಿ ‘ಯೂಸ್ ಎ ಪ್ರಾಕ್ಸಿ ಸರ್ವರ್’ ಮತ್ತು ‘ಸೆಟಪ್ ಸ್ಕ್ರಿಪ್ಟ್’ ಎರಡನ್ನೂ ಆಫ್ ಮಾಡಿ. ಫೈರ್‌ಫಾಕ್ಸಿಗೆ ತನ್ನದೇ ಪ್ರಾಕ್ಸಿ ಪುಟ ಇದೆ, ಅಲ್ಲೂ ನೋಡಿ. ಆಫ್ ಮಾಡಿದ್ದು ಮರುದಿನ ತಾನೇ ಆನ್ ಆಗಿದ್ದರೆ ಅದು ಕಾಲೇಜಿನದಲ್ಲ. ಪುಕ್ಕಟೆ ಸಾಫ್ಟ್‌ವೇರ್ ಜೊತೆ ನುಗ್ಗಿದ ಕಳ್ಳ ಪ್ರೋಗ್ರಾಂ. ಆ್ಯಂಟಿವೈರಸ್ ಸ್ಕ್ಯಾನ್ ಮಾಡದೆ ಬೇರೆ ದಾರಿ ಇಲ್ಲ.

ಅದೇ ಲ್ಯಾಪ್‌ಟಾಪು ಹುಬ್ಬಳ್ಳಿ ರೈಲು ನಿಲ್ದಾಣದ ವೈಫೈಗೆ ಜೋಡಿಸಿದಾಗ ಪುಟ ತೆರೆಯದಿದ್ದರೆ ಕಾರಣ ಬೇರೆ. ಅಲ್ಲಿ ಮೊದಲು ಮೊಬೈಲ್ ನಂಬರ್, ಒಟಿಪಿ ಕೇಳುವ ಪುಟ ಬರಬೇಕು. ನೀವು ತೆರೆಯಲು ಹೊರಟದ್ದು ಬೀಗದ ಗುರುತಿನ ಸುರಕ್ಷಿತ ಸೈಟ್ ಆದರೆ ಅದನ್ನು ನಡುವೆ ಯಾರೂ ತಿರುಗಿಸಲಾರರು, ಹಾಗಾಗಿ ಆ ಪುಟ ಬರುವುದೇ ಇಲ್ಲ. ‘ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್’ (neverssl.com) ಎಂಬ ಬೀಗವಿಲ್ಲದ ಸೈಟ್ ಹೊಡೆಯಿರಿ, ಲಾಗಿನ್ ಪುಟ ಎದುರಿಗೆ ನಿಲ್ಲುತ್ತದೆ. 1507 ಮೀಟರ್ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಸಿಗ್ನಲ್ ಇಲ್ಲವೆಂದರೆ ಮಾತ್ರ ಇತ್ತ ಕಡೆ ನಡೆದು ಬರಬೇಕಷ್ಟೆ.

ಇಪ್ಪತ್ತು ಮಿಲಿಮೀಟರಿನ ಸೆಲ್

ಹಳೆಯ ಡೆಸ್ಕ್‌ಟಾಪುಗಳಲ್ಲಿ ನೋಡಲೇಬೇಕಾದದ್ದು ಪರದೆಯ ಮೂಲೆಯ ತಾರೀಖು. ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ ಎಂದೋ, ಬೂದು ಸಾಲಿನಲ್ಲಿ ‘ಸರ್ಟ್ ಡೇಟ್ ಇನ್‌ವ್ಯಾಲಿಡ್’ ಎಂದೋ ಬಂದರೆ ನೆಟ್ಟಿಗೆ ಏನೂ ಆಗಿಲ್ಲ. ಪ್ರತಿ ಸುರಕ್ಷಿತ ಸೈಟಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದ ಸರ್ಟಿಫಿಕೇಟ್ ಇರುತ್ತದೆ. ಕಂಪ್ಯೂಟರ್ 2009ರಲ್ಲಿ ಕೂತಿದ್ದರೆ ಈ ವರ್ಷದ ಸರ್ಟಿಫಿಕೇಟು ಅದರ ಪಾಲಿಗೆ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ಬಾಗಿಲು ಹಾಕುತ್ತದೆ.

ತಾರೀಖು ಹಿಂದೆ ಓಡುವುದಕ್ಕೆ ಕಾರಣ ಮದರ್‌ಬೋರ್ಡಿನ ಗುಂಡಿ ಸೆಲ್. ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಹೊತ್ತು ಗಡಿಯಾರ ಆ ಕರೆಂಟಿನ ಮೇಲೆ ನಡೆಯುತ್ತದೆ, ಇಲ್ಲದಾಗ ಸೆಲ್ ಮೇಲೆ. ರಾತ್ರಿ ಸ್ವಿಚ್ ಬೋರ್ಡ್ ಆಫ್ ಮಾಡಿ ಮಲಗುವ ಮನೆಗಳಲ್ಲಿ, ಕರೆಂಟ್ ಪದೇಪದೇ ಹೋಗುವ ಊರುಗಳಲ್ಲಿ ಸೆಲ್ ಬೇಗ ಸೊರಗುತ್ತದೆ. ಅಂಗಡಿಯಲ್ಲಿ ‘ಸಿಆರ್2032’ ಎಂದು ಕೇಳಿ: 20 ಎಂದರೆ ಅಡ್ಡಳತೆ 20 ಮಿಲಿಮೀಟರ್, 32 ಎಂದರೆ ದಪ್ಪ 3.2 ಮಿಲಿಮೀಟರ್. 2025 ಕೊಟ್ಟರೆ ಅದು ತೆಳ್ಳಗೆ, ಸಡಿಲ ಕೂರುತ್ತದೆ, ಬೇಡ. ಹೊಸದು 3 ವೋಲ್ಟ್ ತೋರಿಸುತ್ತದೆ; ಹಳೆಯದು ಮೀಟರಿನಲ್ಲಿ 2.7ಕ್ಕಿಂತ ಕೆಳಗಿಳಿದಿದ್ದರೆ ಬದಲಿಸಿ. ಪ್ಲಗ್ ಕಿತ್ತು, ಪವರ್ ಬಟನ್ ಕೆಲ ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬರೀ ಲೋಹ ಮುಟ್ಟಿ ಆಮೇಲೆ ಕೈಹಾಕಿ. ಪಕ್ಕದ ಕೊಂಡಿ ಉಗುರಿನಿಂದ ಹೊರಗೆ ಒತ್ತಿದರೆ ಸೆಲ್ ತಾನೇ ಎದ್ದು ಬರುತ್ತದೆ. ಹೊಸದರ ಅಕ್ಷರ ಬರೆದ ಬದಿ, ಅಂದರೆ ಪ್ಲಸ್ ಗುರುತು, ಮೇಲಕ್ಕೆ.

ಆಮೇಲೆ ತಾರೀಖನ್ನು ಕೈಯಿಂದಲೇ ಸರಿಮಾಡಿ. ‘ಸಿಂಕ್ ನೌ’ ಒತ್ತಿದರೆ ಸಾಲದೇ ಅಂದರೆ ಸಾಲದು: ವ್ಯತ್ಯಾಸ 15 ತಾಸಿಗಿಂತ ಹೆಚ್ಚಿದ್ದರೆ ಮನೆಬಳಕೆಯ ವಿಂಡೋಸ್ ಆ ತಿದ್ದುಪಡಿಯನ್ನು ಒಪ್ಪುವುದಿಲ್ಲ. ಮೊದಲು ವರ್ಷ, ತಿಂಗಳು, ದಿನ, ಎಎಂ-ಪಿಎಂ ಸರಿಮಾಡಿ, ಟೈಮ್ ಝೋನ್ +5:30 ಇರಲಿ, ಬಳಿಕ ಸಿಂಕ್ ಕೊಡಿ. ತಾರೀಖು ನೋಡುವಾಗ ವರ್ಷವನ್ನೂ ನೋಡಿ. ದಿನ, ತಿಂಗಳು ಸರಿ ಇದ್ದು ವರ್ಷ ಮಾತ್ರ ಹಿಂದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಇನ್ನು ವಿಂಡೋಸ್ 7ರಲ್ಲೇ ಇರುವವರಿಗೆ ಕ್ರೋಮ್ 109 ಕೊನೆಯದು, 2023ರ ಫೆಬ್ರುವರಿಯಿಂದ ಹೊಸದು ಅದರಲ್ಲಿ ಕೂರುವುದಿಲ್ಲ. ಕೆಲವು ಸೈಟ್ ತಕರಾರು ಮಾಡಿದರೆ ಸೆಲ್ ಬದಲಿಸಿ ಪ್ರಯೋಜನವಿಲ್ಲ.

ಕೆಲವು ಸೈಟ್ ಪಟ್ಟನೆ ತೆರೆದು ಕೆಲವು ಗಿರಿಗಿರಿ ತಿರುಗುತ್ತಲೇ ಉಳಿದರೆ, ಅದರಲ್ಲೂ ನೀವೇ ತಂದ ಬೇರೆ ರೌಟರ್ ಹಾಕಿದ ಮೇಲೆ ಹೀಗಾಗಿದ್ದರೆ, ಅದರ ವ್ಯಾನ್ (ಹೊರಗಿನ ಲೈನಿನ) ಸೆಟ್ಟಿಂಗ್‌ನಲ್ಲಿ ‘ಎಂಟಿಯು’, ಅಂದರೆ ಒಂದು ಸಲಕ್ಕೆ ಕಳಿಸುವ ಡೇಟಾ ಕಂತೆಯ ಗರಿಷ್ಠ ಗಾತ್ರ, 1492 ಮಾಡಿ ನೋಡಿ. ಯೂಸರ್‌ನೇಮ್ ಹಾಕಿ ಜೋಡಿಸುವ ಪಿಪಿಪಿಒಇ ಲೈನಿನಲ್ಲಿ ಪ್ರತಿ ಕಂತೆಯ 1500 ಬೈಟಿನಲ್ಲಿ 8 ಬೈಟ್ ಅದರ ಸ್ವಂತ ಖರ್ಚಿಗೆ ಹೋಗುತ್ತದೆ.

ಇನ್ನು ನಿಮ್ಮ ಉತಾರ. ಬೇರೆಲ್ಲ ಸೈಟ್ ತೆರೆದು ಅದೊಂದೇ ತೆರೆಯದಿದ್ದರೆ ಮೊಬೈಲ್ ಡೇಟಾದಲ್ಲಿ ಅದೇ ಸೈಟ್ ತೆಗೆದು ನೋಡಿ. ಅಲ್ಲೂ ಬರಲಿಲ್ಲವೆಂದರೆ ಆ ಕಡೆಯ ಸರ್ವರಿನದೇ ತೊಂದರೆ. ಹಗಲು ಕಚೇರಿ ವೇಳೆಯ ಗದ್ದಲ ಮುಗಿದು, ರಾತ್ರಿ ಊಟ ಆದ ಮೇಲೆ ಕುಂತು ನೋಡ್ರಿ. ಕಂಪನಿಗೆ ಫೋನ್ ಮಾಡಬೇಕಾಗಿ ಬಂದರೆ ‘ನೆಟ್ ಬರವಲ್ದು’ ಎಂದಷ್ಟೇ ಹೇಳಬೇಡಿ. ‘ಎಲ್‌ಒಎಸ್ ಆರಿದೆ, ಪಾನ್ ಹಸಿರಿದೆ, ಗೇಟ್‌ವೇ ಪಿಂಗ್ ಬರುತ್ತದೆ, 8.8.8.8 ಬರುವುದಿಲ್ಲ’ ಎಂದರೆ ರೌಟರ್ ಆಫ್ ಮಾಡಿ ಆನ್ ಮಾಡಿ ಎಂಬ ಪಾಠ ಅರ್ಧಕ್ಕೇ ನಿಲ್ಲುತ್ತದೆ. ದೂರಿನ ನಂಬರ್ ಅದೇ ಚೀಟಿಯ ಹಿಂದೆ ಬರೆದಿಡಿ.