ಕ್ಲೋಸೆಟ್: ಬಾಗಿಲು ಹಾಕಿಕೊಂಡು ಮಾಡುವ ಪ್ರಾರ್ಥನೆ

ಕ್ಲೋಸೆಟ್ ಅಂದರೆ ನಮಗೆ ನೆನಪಾಗುವುದು ಸ್ಯಾನಿಟರಿ ಸಾಮಾನಿನ ಅಂಗಡಿ. 17ನೇ ಶತಮಾನದ ಇಂಗ್ಲೆಂಡಿನ ಪಾದ್ರಿಗೆ ಮಾತ್ರ ಅದು ಓದುವ, ಬರೆಯುವ, ಮಂಡಿಯೂರಿ ಪ್ರಾರ್ಥಿಸುವ ಪುಟ್ಟ ಕೋಣೆ. ‘ಮುಚ್ಚಿದ್ದು’ ಎಂಬರ್ಥದ ಲ್ಯಾಟಿನ್ ಪದ ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂದು ಹೀಗಾಯಿತು.

ಪದಕ್ಕೆ ಭಕ್ತಿಯ ಬಣ್ಣ ಗಟ್ಟಿಯಾಗಿ ಅಂಟಿದ್ದು ಬೈಬಲಿನಿಂದ. ಪ್ರಾರ್ಥಿಸುವಾಗ ಒಳಗೆ ಹೋಗಿ ಬಾಗಿಲು ಹಾಕಿಕೋ ಎಂದು ಮತ್ತಾಯನ ಸುವಾರ್ತೆ (6:6) ಹೇಳುತ್ತದೆ. ಅಲ್ಲಿ 16ನೇ ಶತಮಾನದ ಬೈಬಲ್ ಅನುವಾದಕ ಟಿಂಡೇಲ್ ‘ಚೇಂಬರ್’ ಎಂದಿದ್ದ. 1611ರ ಕಿಂಗ್ ಜೇಮ್ಸ್ ಅನುವಾದ ‘ಕ್ಲೋಸೆಟ್’ ಎಂದಿತು. ನಮ್ಮ ದೇವರಕೋಣೆಗೆ ಹೋಲಿಸೋಣ ಅನ್ನಿಸುತ್ತದೆ, ಆದರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ದೇವರಕೋಣೆಯಲ್ಲಿ ಮುಖ್ಯ ದೇವರಪೀಠ. ಕ್ಲೋಸೆಟ್‌ನಲ್ಲಿ ಮುಖ್ಯ ಮುಚ್ಚಿದ ಬಾಗಿಲು.

ಬೆಳಗಿನ ಮತ್ತು ಸಂಜೆಯ ನಿಗದಿತ ಪ್ರಾರ್ಥನೆ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನ, ಪಾದ್ರಿಗಳಿಗೆ ಕಡ್ಡಾಯವೇ ಆಗಿತ್ತು. ಕ್ಲೋಸೆಟ್ಟಿನದು ಅದಲ್ಲದೆ ಇನ್ನೊಂದು. ಹಾಗೆಂದು ಅಲ್ಲಿ ಬಾಯಿಗೆ ಬಂದದ್ದನ್ನು ಹೇಳಿಕೊಳ್ಳುತ್ತಿದ್ದರು ಎಂದೇನಲ್ಲ. ಬಿಷಪ್ ಲಾನ್ಸೆಲಾಟ್ ಆಂಡ್ರೂಸ್ (1555–1626) ತನಗಾಗಿಯೇ ಗ್ರೀಕ್, ಹೀಬ್ರೂ, ಲ್ಯಾಟಿನ್‌ಗಳಲ್ಲಿ ಪ್ರಾರ್ಥನೆಗಳನ್ನು ಬರೆದಿಟ್ಟುಕೊಂಡಿದ್ದ. ಬಹುಪಾಲು ಧರ್ಮಗ್ರಂಥದಿಂದ, ಹಳೆಯ ಪೂಜಾವಿಧಿಗಳಿಂದ ಹೆಕ್ಕಿದ ಸಾಲುಗಳು. ಆ ಹಸ್ತಪ್ರತಿ ಕೈಯಾಡಿ ಸವೆದು, ಕಣ್ಣೀರಲ್ಲಿ ನೆನೆದಿತ್ತೆಂದು 1648ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ರಿಚರ್ಡ್ ಡ್ರೇಕ್ ಬರೆದಿದ್ದಾನೆ. ಭಕ್ತನ ಉತ್ಪ್ರೇಕ್ಷೆ ಸ್ವಲ್ಪ ಇದ್ದೀತು.

ನನಗೆ ಹೆಚ್ಚು ಹತ್ತಿರ ಅನ್ನಿಸುವವನು ಕವಿ, ಪಾದ್ರಿ ಜಾನ್ ಡನ್. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್ಲಿನ ಡೀನ್ (ಮುಖ್ಯ ಪಾದ್ರಿ) ಆಗಿದ್ದವನು 1626ರ ಒಂದು ಉಪದೇಶದಲ್ಲಿ ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳುತ್ತಾನೆ: ಕೋಣೆಯಲ್ಲಿ ಅಡ್ಡಬಿದ್ದು ದೇವರನ್ನೂ ದೇವದೂತರನ್ನೂ ಕರೆಯುತ್ತೇನೆ, ಅವರು ಬಂದ ಮೇಲೆ ಒಂದು ನೊಣದ ಗುಂಯ್‌ಗೆ, ಗಾಡಿಯ ಗಡಗಡಕ್ಕೆ, ಬಾಗಿಲಿನ ಕಿರುಗುಟ್ಟುವಿಕೆಗೆ ಅವರನ್ನೇ ಮರೆತುಬಿಡುತ್ತೇನೆ. ಮಂಡಿಯ ಕೆಳಗೆ ಸಿಕ್ಕ ಒಂದು ಹುಲ್ಲುಕಡ್ಡಿ ಸಾಕು, ಮನಸ್ಸು ಹೊರಟೇಹೋಯಿತು. ಬಾಗಿಲು ಹಾಕಿದ್ದರೂ ಅಷ್ಟೇ.

ಹೊರಗಿನವರು ಬಾಗಿಲು ತೆಗೆಸಿದ್ದೂ ಉಂಟು. ಇಂಗ್ಲೆಂಡಿನ ಚರ್ಚಿನ ಹಿರಿಯ ಆರ್ಚ್‌ಬಿಷಪ್ ವಿಲಿಯಂ ಲಾಡ್, ಸಂಸತ್ತಿನ ಆರೋಪಕ್ಕೆ ಸಿಕ್ಕಿ ಲಂಡನ್ ಟವರಿನಲ್ಲಿ ಸೆರೆಯಲ್ಲಿದ್ದಾಗ, 1643ರ ಮೇ 31ರಂದು ಅವನ ವಿರೋಧಿ, ಪ್ಯೂರಿಟನ್ ಪಂಥದ ವಕೀಲ ವಿಲಿಯಂ ಪ್ರಿನ್ ಶೋಧನೆಗೆ ಬಂದ. ಲಾಡ್‌ನ ಕಾಲದ ನ್ಯಾಯಪೀಠದ ತೀರ್ಪಿನಿಂದ ಕಿವಿ ಕತ್ತರಿಸಿಕೊಂಡಿದ್ದವನು ಅವನು. ಬಂದದ್ದು ಬರಿಗೈಯಲ್ಲಿ ಹೋಗಲಿಕ್ಕಲ್ಲ. ಮೊಕದ್ದಮೆಯ ಕಾಗದಗಳ ಜೊತೆಗೆ ಡೈರಿಯನ್ನೂ, ಲಾಡ್ ಸ್ವಂತ ಕೈಯಲ್ಲಿ ಬರೆದುಕೊಂಡಿದ್ದ ಪ್ರಾರ್ಥನೆಯ ಪುಸ್ತಕವನ್ನೂ ಎತ್ತಿಕೊಂಡ. ಅದೊಂದನ್ನಾದರೂ ಬಿಡು ಎಂದರೂ ಬಿಡಲಿಲ್ಲ. ದೇವರಿಗೂ ನನಗೂ ನಡುವೆ ಏನು ನಡೆಯಿತೆಂಬುದನ್ನೂ ಅವನು ನೋಡಲೇಬೇಕಿತ್ತಂತೆ ಎಂದು ಲಾಡ್ ಆಮೇಲೆ ಬರೆದುಕೊಂಡ.