ಗಡಿ ಕಾಯಲು ಇನ್ನೊಂದು ಗಡಿ: ಜಪಾನ್ ಸಾಮ್ರಾಜ್ಯ ಬೆಳೆದ ಬಗೆ

1890ರ ಡಿಸೆಂಬರ್‌ನಲ್ಲಿ ಜಪಾನಿನ ಮೊದಲ ಸಂಸತ್ತಿನ ಮುಂದೆ ಪ್ರಧಾನಿ ಯಾಮಾಗಾಟಾ ಅರಿಟೊಮೊ ಸೇನೆಗೆ ಹೆಚ್ಚಿನ ಹಣ ಕೇಳಿದರು. ದೇಶಕ್ಕೆ ಎರಡು ಗೆರೆಗಳಿವೆ ಎಂಬುದು ಅವರ ವಾದ. ಒಂದು ಸಾರ್ವಭೌಮತ್ವದ ಗೆರೆ, ಅಂದರೆ ಗಡಿ. ಇನ್ನೊಂದು ಅದರಾಚೆಗಿನ ಹಿತಾಸಕ್ತಿಯ ಗೆರೆ. ಈ ಎರಡನೆಯದು ಬೇರೆಯವರ ಹಿಡಿತಕ್ಕೆ ಹೋದರೆ ಮೊದಲನೆಯದೂ ಉಳಿಯುವುದಿಲ್ಲ. ಆಗ ಅವರ ಕಣ್ಣಿದ್ದುದು ಕೊರಿಯಾದ ಮೇಲೆ. 20 ವರ್ಷಗಳಲ್ಲಿ ಕೊರಿಯಾವೇ ಜಪಾನಿನ ಗಡಿಯೊಳಗೆ ಬಂತು. ಆಗ ಕೊರಿಯಾವನ್ನು ಕಾಯಲು ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾ ಬೇಕೆನಿಸಿತು, ಮುಂದೆ ಮಂಚೂರಿಯಾವನ್ನು ಕಾಯಲು ಉತ್ತರ ಚೀನಾ. ಟೋಕಿಯೊದಲ್ಲಿ ಯಾರೋ ಕೂತು ಬರೆದ ಒಂದೇ ನೀಲನಕ್ಷೆಯಿಂದ ಈ ಸಾಮ್ರಾಜ್ಯ ಹುಟ್ಟಲಿಲ್ಲ. ಪ್ರತಿ ಹೆಜ್ಜೆಯೂ ಮುಂದಿನ ಹೆಜ್ಜೆಗೆ ನೆಪ ಒದಗಿಸುತ್ತಾ ಹೋಯಿತು.

ಈ ಭಯದ ಮೂಲ ಸುಳ್ಳಾಗಿರಲಿಲ್ಲ. 1853ರಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿ ನಾಲ್ಕು ಹಡಗುಗಳೊಂದಿಗೆ ಟೋಕಿಯೊ ಕೊಲ್ಲಿಯ ಬಾಯಲ್ಲಿರುವ ಉರಾಗಾ ಬಳಿ ಬಂದು ನಿಂತ. 1858ರ ಒಪ್ಪಂದಗಳ ಪ್ರಕಾರ ಜಪಾನಿನ ನೆಲದಲ್ಲಿ ಅಪರಾಧ ಮಾಡಿದ ವಿದೇಶಿಯನ್ನು ಜಪಾನಿನ ನ್ಯಾಯಾಲಯ ವಿಚಾರಿಸುವಂತಿರಲಿಲ್ಲ. ಆಮದು ಸುಂಕವನ್ನೂ ಜಪಾನ್ ತಾನೇ ನಿಗದಿ ಮಾಡುವಂತಿರಲಿಲ್ಲ. 1866ರಲ್ಲಿ ಅದನ್ನು ಸುಮಾರು ಶೇ. 5ಕ್ಕೆ ಕಟ್ಟಿಹಾಕಲಾಯಿತು. ಹೊಸ ಕೈಗಾರಿಕೆಗೆ ಸುಂಕದ ಆಸರೆ ಸಿಗದ ಸ್ಥಿತಿ ಅದು. ಸುಂಕದ ಹಕ್ಕು ಪೂರ್ತಿಯಾಗಿ ಮರಳಿ ಬಂದದ್ದು 1911ರಲ್ಲಿ.

ಈ ಅವಮಾನದಿಂದ ಜಪಾನಿನ ನಾಯಕರು ಕಲಿತ ಪಾಠ ಏನೆಂದು ತಿಳಿಯಲು 1876ರ ಕೊರಿಯಾ ಒಪ್ಪಂದವನ್ನು ನೋಡಬೇಕು. ಹಿಂದಿನ ವರ್ಷ ಉನ್‌ಯೊ ಎಂಬ ಯುದ್ಧನೌಕೆಯನ್ನು ಗಾಂಗ್ವಾ ದ್ವೀಪದ ಹತ್ತಿರ ಕಳುಹಿಸಿ, ಕೊರಿಯಾದ ಕೋಟೆಯಿಂದ ಗುಂಡು ಹಾರುವಂತೆ ಮಾಡಿ, ಅದನ್ನೇ ಕಾರಣ ಮಾಡಿಕೊಂಡರು. ಒಪ್ಪಂದದಂತೆ ಬುಸಾನ್ ಅಲ್ಲದೆ ಇನ್ನೆರಡು ಬಂದರುಗಳು ತೆರೆಯಬೇಕಾಯಿತು. ಅಲ್ಲಿ ತಪ್ಪು ಮಾಡಿದ ಜಪಾನೀಯರ ವಿಚಾರಣೆ ಜಪಾನಿನ ಅಧಿಕಾರಿಗಳ ಕೈಗೆ ಹೋಯಿತು. ಅದೇ ವರ್ಷದ ಪೂರಕ ಕರಾರುಗಳಿಂದ ಜಪಾನಿ ಸರಕಿಗೆ ಸುಂಕವೇ ಇಲ್ಲವಾಯಿತು, ಜಪಾನಿನ ಹಣ ಆ ಬಂದರುಗಳಲ್ಲಿ ಚಲಾವಣೆಗೆ ಬಂತು. ತನ್ನ ಮೇಲೆ ಹೇರಿದ್ದಕ್ಕಿಂತಲೂ ಕಠಿಣವಾದ ಷರತ್ತುಗಳನ್ನು ಜಪಾನ್ 18 ವರ್ಷಗಳೊಳಗೆ ನೆರೆಯವರ ಮೇಲೆ ಹೇರಿತ್ತು. ಅಷ್ಟರಲ್ಲಿ ಉತ್ತರದ ಮೂಲನಿವಾಸಿಗಳಾದ ಐನು ಜನರ ನೆಲ ಜಪಾನಿನ ಹೊಕ್ಕೈಡೊ ಆಗಿತ್ತು. 1879ರಲ್ಲಿ ರ್ಯುಕ್ಯು ರಾಜ್ಯ ಓಕಿನಾವಾ ಪ್ರಾಂತ್ಯವಾಯಿತು.

ಸಾಮ್ರಾಜ್ಯ ಲಾಭದ ವ್ಯವಹಾರ ಎಂಬ ನಂಬಿಕೆ ಬೇರೂರಿದ್ದು 1895ರಲ್ಲಿ. ಚೀನಾವನ್ನು ಸೋಲಿಸಿದ ಜಪಾನಿಗೆ ಶಿಮೊನೊಸೆಕಿ ಒಪ್ಪಂದದಲ್ಲಿ ತೈವಾನ್ ಮತ್ತು 20 ಕೋಟಿ ತೇಲ್ (ಚೀನಾದ ಬೆಳ್ಳಿಯ ತೂಕದ ಲೆಕ್ಕ) ಪರಿಹಾರ ಸಿಕ್ಕಿತು. ಜತೆಗೆ ಸಿಕ್ಕಿದ್ದ ಲಿಯಾಡಾಂಗ್ ಪರ್ಯಾಯ ದ್ವೀಪವನ್ನು ರಷ್ಯಾ, ಫ್ರಾನ್ಸ್, ಜರ್ಮನಿ ಒಂದೇ ವಾರದೊಳಗೆ ಬೆದರಿಸಿ ಬಿಡಿಸಿದವು. ಅದಕ್ಕೆ ಬದಲಾಗಿ ಇನ್ನೂ 3 ಕೋಟಿ ತೇಲ್ ಬಂತು. ಒಂದು ತೇಲ್‌ಗೆ ಸುಮಾರು 37 ಗ್ರಾಂ ಬೆಳ್ಳಿಯಂತೆ ಲೆಕ್ಕ ಹಾಕಿದರೆ ಒಟ್ಟು ಸುಮಾರು 8,500 ಟನ್ ಬೆಳ್ಳಿಯ ಬೆಲೆ. ಇದು ಆಗಿನ ಜಪಾನ್ ಸರ್ಕಾರದ ವಾರ್ಷಿಕ ಆದಾಯದ ಸುಮಾರು ನಾಲ್ಕು ಪಟ್ಟು. ಲಂಡನ್ನಿನಲ್ಲಿ ಪೌಂಡುಗಳಲ್ಲಿ ಪಡೆದ ಈ ಹಣದ ಆಧಾರದ ಮೇಲೆ 1897ರಲ್ಲಿ ಯೆನ್ ಚಿನ್ನದ ಮಾನಕಕ್ಕೆ ಬಂತು, ಅಂದರೆ ಅದರ ಬೆಲೆಯನ್ನು ಇಂತಿಷ್ಟು ಚಿನ್ನಕ್ಕೆ ಕಟ್ಟಲಾಯಿತು. ಒಂದು ಪಾಲು ಯಾವಾತಾ ಉಕ್ಕಿನ ಕಾರ್ಖಾನೆಗೆ ಹೋಯಿತು, ಬಹುಪಾಲು ಭೂಸೇನೆಗೆ ಮತ್ತು ನೌಕಾಪಡೆಗೆ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣ, ಕೈಗಾರಿಕೆ ಕಂಡು ಬೆರಗಾದದ್ದು ಇದೇ ದಿನಗಳಲ್ಲಿ, 1898ರಲ್ಲಿ. ಅವರು ಮೆಚ್ಚಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಏಳಿಗೆಯ ಒಂದು ಪಾಲನ್ನು ತೆತ್ತವರು ಚೀನಾದ ತೆರಿಗೆದಾರರು ಎಂಬುದನ್ನು ನಾವು ಮರೆಯಬಾರದು.

ಈ ಸಾಮ್ರಾಜ್ಯದ ಸ್ವಭಾವವನ್ನು ಹತ್ತಿರದಿಂದ ನೋಡಬೇಕಾದರೆ ದಕ್ಷಿಣ ಮಂಚೂರಿಯಾ ರೈಲು ಮಾರ್ಗಕ್ಕಿಂತ ಒಳ್ಳೆಯ ಜಾಗ ಇಲ್ಲ. ಜಪಾನ್ ಬಿಟ್ಟುಕೊಟ್ಟ ಲಿಯಾಡಾಂಗ್‌ನ ತುದಿಯನ್ನು 1898ರಲ್ಲಿ ರಷ್ಯಾ 25 ವರ್ಷದ ಗುತ್ತಿಗೆಗೆ ಪಡೆದು ಅಲ್ಲಿಯವರೆಗೆ ರೈಲು ಹಾಕಿತ್ತು. 1904-05ರಲ್ಲಿ ರಷ್ಯಾದೊಂದಿಗೆ ನಡೆದ ಯುದ್ಧದಲ್ಲಿ ಜಪಾನಿ ಸೇನೆ ಮುಂದುವರಿದಂತೆಲ್ಲ ರಷ್ಯಾದ 1,524 ಮಿ.ಮೀ. ಅಗಲದ ಹಳಿಗಳನ್ನು ತನ್ನ ಎಂಜಿನ್‌ಗಳಿಗೆ ಹೊಂದುವ 1,067 ಮಿ.ಮೀ.ಗೆ ಸರಿಸಿತು. ಗೆದ್ದ ಮೇಲೆ ಅದನ್ನು ಮತ್ತೆ 1,435 ಮಿ.ಮೀ.ಗೆ ಅಗಲಿಸಿದರು, ಕೊರಿಯಾದಲ್ಲಿ ಜಪಾನ್ ಹಾಕಿದ್ದೂ, ಚೀನಾದಲ್ಲಿದ್ದದ್ದೂ ಅದೇ ಅಳತೆ. 1911ರಲ್ಲಿ ಕೊರಿಯಾ-ಮಂಚೂರಿಯಾ ಗಡಿಯ ಯಾಲು ನದಿಯ ಸೇತುವೆ ಮುಗಿದಾಗ ಬುಸಾನ್ ಬಂದರಿನಿಂದ ಚಾಂಗ್‌ಚುನ್‌ವರೆಗೆ ಒಂದೇ ಅಗಲದ ಹಳಿ ಕೂಡಿಕೊಂಡಿತು. ಸೈನಿಕರನ್ನೂ ಸೋಯಾಬೀನನ್ನೂ ಅದೇ ದಾರಿಯಲ್ಲಿ ಸಾಗಿಸಬಹುದಿತ್ತು.

ಮಾರ್ಗವನ್ನು ನಡೆಸಲು 1906ರಲ್ಲಿ ಕಂಪನಿ ಹುಟ್ಟಿತು. ಬಂಡವಾಳ 20 ಕೋಟಿ ಯೆನ್, ಅದರಲ್ಲಿ ಅರ್ಧ ಸರ್ಕಾರದ್ದು. ಹೆಸರಿಗೆ ರೈಲ್ವೆಯಾದರೂ ಫುಶುನ್‌ನ ಕಲ್ಲಿದ್ದಲು ಗಣಿ, ಬಂದರು, ಆಸ್ಪತ್ರೆ, ಶಾಲೆ ಎಲ್ಲ ಅದರದ್ದೇ. ಹಳಿಯ ಎರಡೂ ಬದಿಯ ಪಟ್ಟಿಯಲ್ಲಿ ಆಡಳಿತವೂ ಪೊಲೀಸರೂ ಜಪಾನಿನವರು. ರಷ್ಯಾದೊಂದಿಗಿನ ಒಪ್ಪಂದ ಕಿಲೋಮೀಟರಿಗೆ 15 ಮಂದಿ ಕಾವಲುಗಾರರಿಗೆ ಅವಕಾಶ ಕೊಟ್ಟಿತ್ತು. ಈ ಕಾವಲು ಪಡೆಯೂ ಗುತ್ತಿಗೆ ಪ್ರದೇಶದ ಪಡೆಯೂ ಸೇರಿ 1919ರಲ್ಲಿ ಕ್ವಾಂಟುಂಗ್ ಸೇನೆಯಾಯಿತು. ರಷ್ಯಾದಿಂದ ಬಂದ ಗುತ್ತಿಗೆ 1923ಕ್ಕೆ ಮುಗಿಯಬೇಕಿತ್ತು. 1915ರಲ್ಲಿ ಚೀನಾದ ಮುಂದಿಟ್ಟ 21 ಬೇಡಿಕೆಗಳಲ್ಲಿ ಅದನ್ನು 99 ವರ್ಷಕ್ಕೆ ಎಳೆದದ್ದು ಅದಕ್ಕೇ.

ವಸಾಹತುಗಳ ಬದುಕು ಜಪಾನಿನ ಅಡುಗೆಮನೆಗೆ ತಕ್ಕಂತೆ ಬದಲಾಯಿತು. ತೈವಾನ್‌ನಲ್ಲಿ 1905ರಿಂದ ಪ್ರತಿ ಸಕ್ಕರೆ ಕಾರ್ಖಾನೆಗೂ ಒಂದೊಂದು ಪ್ರದೇಶ ಹಂಚಲಾಯಿತು. ಅಲ್ಲಿನ ರೈತ ಕಬ್ಬನ್ನು ಆ ಕಾರ್ಖಾನೆಗೇ ಮಾರಬೇಕು, ದರ ಕಟ್ಟುವುದು ಕಾರ್ಖಾನೆ. ಕಬ್ಬು ಬೆಳೆಯುವವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಕೊರಿಯಾದಲ್ಲಿ 1910ರಿಂದ 1918ರವರೆಗೆ ಭೂಮಾಪನ ನಡೆಯಿತು. ಕಾಗದಪತ್ರವಿಲ್ಲದೆ ರೂಢಿಯ ಹಕ್ಕಿನಿಂದ ಉಳುತ್ತಿದ್ದ ಗೇಣಿದಾರರ ಹಕ್ಕು ಅದರಲ್ಲಿ ಅಳಿಸಿಹೋಯಿತು. 1918ರಲ್ಲಿ ಜಪಾನಿನೊಳಗೆ ಅಕ್ಕಿ ದಂಗೆಯಾದ ಮೇಲೆ ಕೊರಿಯಾದಲ್ಲಿ ಅಕ್ಕಿ ಹೆಚ್ಚಿಸುವ ಯೋಜನೆ ಬಂತು. ಇಳುವರಿ ಏರಿತು, ಆದರೆ ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಜಪಾನಿಗೆ ಹೋಗುವ ಪಾಲು ಏರಿತು. ಕೊರಿಯಾದವರು ತಲಾ ಉಣ್ಣುವ ಅಕ್ಕಿ ಇಳಿದು, ಆ ಜಾಗಕ್ಕೆ ಮಂಚೂರಿಯಾದ ನವಣೆ ಬಂತು.

ಇಷ್ಟಾದರೂ 1920ರ ದಶಕದಲ್ಲಿ ಟೋಕಿಯೊದ ಸರ್ಕಾರಗಳು ಒಪ್ಪಂದಗಳೊಳಗೆ ನಡೆಯಲು ಯತ್ನಿಸಿದವು. ಅವರ ಕೈ ಕಟ್ಟಿದ್ದು ಆಡಳಿತದ ರಚನೆಯೇ. 1889ರ ಸಂವಿಧಾನದಲ್ಲಿ ಸೇನೆಯ ಪರಮಾಧಿಕಾರ ಚಕ್ರವರ್ತಿಯದು. ಸೇನಾ ಮುಖ್ಯಸ್ಥರು ಸಂಪುಟವನ್ನು ದಾಟಿ ನೇರ ಅವರಿಗೇ ವರದಿ ಒಪ್ಪಿಸುತ್ತಿದ್ದರು. ಸೇನಾ ಸಚಿವ ರಾಜೀನಾಮೆ ಕೊಟ್ಟು, ಬದಲಿಗೆ ಯಾರನ್ನೂ ಸೇನೆ ಕೊಡದಿದ್ದರೆ ಸರ್ಕಾರವೇ ಬೀಳುತ್ತಿತ್ತು. 1912ರಲ್ಲಿ ಹಾಗೆಯೇ ಆಯಿತು.

1931ರ ಸೆಪ್ಟೆಂಬರ್ 18ರ ರಾತ್ರಿ ಈ ಬಿರುಕು ಬಾಯ್ತೆರೆಯಿತು. ಮಂಚೂರಿಯಾದ ಮುಕ್ಡೆನ್ (ಇಂದಿನ ಶೆನ್‌ಯಾಂಗ್) ನಗರದ ಹೊರವಲಯದಲ್ಲಿ ಕ್ವಾಂಟುಂಗ್ ಸೇನೆಯವರೇ ತಮ್ಮ ಹಳಿಯ ಪಕ್ಕ ಸಿಡಿಮದ್ದು ಇಟ್ಟರು. ಹಾನಿ ಎಷ್ಟು ಕಡಿಮೆಯೆಂದರೆ ಸ್ವಲ್ಪ ಹೊತ್ತಿನಲ್ಲೇ ಚಾಂಗ್‌ಚುನ್ ಕಡೆಯ ರೈಲು ಅದರ ಮೇಲೆ ಹಾದು ಸಮಯಕ್ಕೆ ಸರಿಯಾಗಿ ಮುಕ್ಡೆನ್ ಸೇರಿತು. ಆದರೂ ಚೀನೀಯರ ಕೃತ್ಯವೆಂದು ಸಾರಿ ಪಕ್ಕದ ಚೀನಿ ಸೇನಾ ಶಿಬಿರದ ಮೇಲೆ ದಾಳಿ ಶುರುವಾಯಿತು. ಸಂಚು ರೂಪಿಸಿದವರು ಇಶಿವಾರಾ ಕಾಂಜಿ ಮತ್ತು ಇಟಾಗಾಕಿ ಸೇಶಿರೊ, ಇಬ್ಬರೂ ಸ್ಥಳೀಯ ಅಧಿಕಾರಿಗಳು. ಮೂರು ದಿನಗಳ ನಂತರ ಕೊರಿಯಾದಲ್ಲಿದ್ದ ಸೇನಾಪತಿ ಚಕ್ರವರ್ತಿಯ ಅಪ್ಪಣೆಯಿಲ್ಲದೆ ಯಾಲು ದಾಟಿಸಿ ಪಡೆ ಕಳುಹಿಸಿದ. ಅದನ್ನು ಶಿಕ್ಷಿಸಬೇಕಿದ್ದ ಸಂಪುಟ ಮರುದಿನ ಅದರ ಖರ್ಚಿಗೆ ಒಪ್ಪಿಗೆ ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಸ್ಫೋಟಕ್ಕಿಂತ ಈ ಒಪ್ಪಿಗೆಯೇ ದೊಡ್ಡ ತಿರುವು. ಆಜ್ಞೆ ಮೀರಿ ಗೆದ್ದವನಿಗೆ ದಂಡನೆಯಿಲ್ಲ ಎಂದು ಪ್ರತಿ ಅಧಿಕಾರಿಗೂ ಅಂದು ಗೊತ್ತಾಯಿತು.

1937ರಲ್ಲಿ ಶುರುವಾದ ಚೀನಾ ಯುದ್ಧ ಮುಗಿಯಲೇ ಇಲ್ಲ. ನಾನ್‌ಜಿಂಗ್‌ನ ಹತ್ಯಾಕಾಂಡವೂ ಚೀನಾವನ್ನು ಮಣಿಸಲಿಲ್ಲ. ಆ ಯುದ್ಧಕ್ಕೆ ಬೇಕಾದ ಎಣ್ಣೆಯಲ್ಲಿ ಬಹುಪಾಲು ಬರುತ್ತಿದ್ದುದು ಅಮೆರಿಕದಿಂದ. 1941ರ ಜುಲೈನಲ್ಲಿ ಜಪಾನ್ ಇಂಡೊಚೈನಾದ ದಕ್ಷಿಣ ಭಾಗಕ್ಕೆ ಸೇನೆ ಇಳಿಸಿದಾಗ ಅಮೆರಿಕ ಈ ಎಣ್ಣೆಯನ್ನು ನಿಲ್ಲಿಸಿತು. ಚೀನಾದಿಂದ ಸೇನೆ ಹಿಂತೆಗೆದರೆ ಮಾತುಕತೆಗೆ ದಾರಿಯಿತ್ತು. ಅಕ್ಟೋಬರ್ 14ರ ಸಂಪುಟ ಸಭೆಯಲ್ಲಿ ಸೇನಾ ಸಚಿವ ಟೊಜೊ ಹಿಡೆಕಿ ಅದನ್ನು ಖಡಾಖಂಡಿತವಾಗಿ ವಿರೋಧಿಸಿದರು: ಚೀನಾದಿಂದ ಹಿಂದೆ ಸರಿದರೆ ಮಂಚೂರಿಯಾಕ್ಕೆ ಅಪಾಯ, ಮುಂದೆ ಕೊರಿಯಾದ ಮೇಲಿನ ಹಿಡಿತಕ್ಕೂ ಅಪಾಯ. ಎರಡು ದಿನಗಳಲ್ಲಿ ಪ್ರಧಾನಿ ಕೊನೊಯೆ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಟೊಜೊ ಬಂದರು.