ಇಬ್ಬರೂ ಒಪ್ಪಿದ ಡೈವೋರ್ಸಿಗೂ ನನಗೆ ಬೇರೆ ವಕೀಲರು ಬೇಕಾ?

ಓದುಗರ ಪ್ರಶ್ನೆ: "ನಮ್ಮದು ಚಿಂತಾಮಣಿ ತಾಲ್ಲೂಕು. ಒಬ್ಬಳು ಮಗಳಿದ್ದಾಳೆ. ಎರಡು ವರ್ಷದಿಂದ ತವರಿನಲ್ಲಿದ್ದೀನಿ. ಈಗ ಇಬ್ಬರೂ ಒಪ್ಪಿ ಡೈವೋರ್ಸ್ ತಗೊಳ್ಳೋಣ ಅಂತ ಮಾತಾಗಿದೆ. ನಮ್ಮ ಯಜಮಾನರ ಕಡೆ ವಕೀಲರು 'ಇಬ್ಬರದೂ ನಾನೇ ನೋಡ್ಕೋತೀನಿ, ನೀನು ಸುಮ್ನೆ ಖರ್ಚು ಮಾಡ್ಕೋಬೇಡಮ್ಮ, ಬಂದು ಸಹಿ ಹಾಕಿದ್ರೆ ಸಾಕು' ಅಂತಾರೆ. ಖಾಲಿ ವಕಾಲತ್ತಿಗೆ (ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರ) ಒಂದು ಸಹಿ ಆಗಲೇ ತಗೊಂಡಿದ್ದಾರೆ. ನನಗೆ ಬೇರೆ ವಕೀಲರು ಬೇಕೇ ಬೇಕಾ?"

ಬೇಕು. ಇಬ್ಬರೂ ಒಪ್ಪಿದ್ದೀರಿ ಅನ್ನುವ ಕಾರಣಕ್ಕೇ ಬೇಕು.

ಜಗಳದ ಕೇಸಾದರೆ ಕೋರ್ಟು ಸಾಕ್ಷಿ ನೋಡುತ್ತದೆ, ಎರಡೂ ಕಡೆ ವಾದ ಕೇಳುತ್ತದೆ, ಆಮೇಲೆ ಯಾರಿಗೆ ಏನು ಅಂತ ತೀರ್ಪು ಕೊಡುತ್ತದೆ. ಒಪ್ಪಿಗೆಯ ಕೇಸಿನಲ್ಲಿ ಅದೆಲ್ಲ ಹೊರಗೇ ಮುಗಿದಿರುತ್ತದೆ. ದುಡ್ಡು ಎಷ್ಟು, ಮಗು ಯಾರ ಹತ್ತಿರ, ಒಡವೆ ಬಂತಾ ಇಲ್ಲವಾ, ಎಲ್ಲವನ್ನೂ ನೀವೇ ಬರೆದುಕೊಂಡು ಹೋಗಿರುತ್ತೀರಿ. ಜಡ್ಜ್ ಮುಖ್ಯವಾಗಿ ಕೇಳುವುದು "ಇದು ನಿಮ್ಮದೇ ಸಹಿನಾ, ಯಾರಾದರೂ ಬಲವಂತ ಮಾಡಿದ್ದಾರಾ" ಅಂತ. ಹೂಂ ಅಂದರೆ ಬರೆದದ್ದೇ ಕೊನೆ. ಆ ಬರೆಯುವ ಕೆಲಸ ಪೂರ್ತಿ ಎದುರು ಕಡೆಯವರ ಕೈಯಲ್ಲಿದ್ದರೆ ನಿಮ್ಮ ಪರವಾಗಿ ಓದಿ ನೋಡುವವರು ಯಾರಿದ್ದಾರೆ ಹೇಳಿ?

ಜಂಟಿ ಅರ್ಜಿ ಆದ್ದರಿಂದ ಒಬ್ಬರೇ ವಕೀಲರು ಹಾಕುವುದು ನಡೆಯುತ್ತದೆ, ಇಲ್ಲ ಅನ್ನುವುದಿಲ್ಲ. ಮಕ್ಕಳಿಲ್ಲ, ಕೊಡೋದು ತಗೊಳ್ಳೋದು ಏನೂ ಇಲ್ಲ ಅನ್ನುವ ಜೋಡಿಗೆ ಅದು ಸರಿಹೋಗಬಹುದು. ನಿಮಗೆ ಮಗಳಿದ್ದಾಳೆ. ಮೇಲಾಗಿ ಆ ವಕೀಲರನ್ನು ಮೊದಲು ಹಿಡಿದದ್ದು, ಫೀಸ್ ಕೊಡುತ್ತಿರುವುದು ನಿಮ್ಮ ಯಜಮಾನರು. ಒಂದು ಕಡೆಯವರಿಗೆ ಸಲಹೆ ಕೊಟ್ಟ ಮೇಲೆ ಅದೇ ವಿಷಯದಲ್ಲಿ ಎದುರು ಕಡೆಯವರ ಪರ ನಿಲ್ಲಬಾರದು ಅಂತ ಬಾರ್ ಕೌನ್ಸಿಲ್ (ವಕೀಲರ ನಡತೆಗೆ ನಿಯಮ ಮಾಡುವ ಸಂಸ್ಥೆ) ನಿಯಮವೇ ಇದೆ. ನಾಳೆ ನಿಮ್ಮಿಬ್ಬರ ನಡುವೆ ಒಂದು ಮಾತು ಎಡವಟ್ಟಾದರೆ ಅವರು ಯಾರ ಪರ ನಿಲ್ಲುತ್ತಾರೆ ಅನ್ನುವುದು ನಿಮಗೂ ಗೊತ್ತು.

ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳಿ. ಹಿಂದೂ ವಿವಾಹ ಕಾಯ್ದೆ 1955ರ ಸೆಕ್ಷನ್ 13ಬಿ ಪ್ರಕಾರ ಕನಿಷ್ಠ ಒಂದು ವರ್ಷ ಬೇರೆ ಬೇರೆ ಇದ್ದವರು ಒಟ್ಟಿಗೆ ಅರ್ಜಿ ಹಾಕಬಹುದು. ಹಾಕಿದ 6 ತಿಂಗಳ ಮೇಲೆ, 18 ತಿಂಗಳ ಒಳಗೆ ಇಬ್ಬರೂ ಮತ್ತೆ ಬಂದು ಡಿಕ್ರಿ (ಡೈವೋರ್ಸಿನ ಅಂತಿಮ ಆದೇಶ) ಕೇಳಬೇಕು. ಈ 6 ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಅಂತ 2017ರಲ್ಲಿ ಅಮರದೀಪ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಜೀವನಾಂಶ, ಮಕ್ಕಳ ವಿಚಾರ ಎಲ್ಲ ನಿಜವಾಗಿಯೂ ಇತ್ಯರ್ಥ ಆಗಿದ್ದರೆ ಮಾತ್ರ. "ಒಂದೇ ತಿಂಗಳಲ್ಲಿ ಮುಗಿಸಿಬಿಡೋಣ" ಅಂತ ಯಾರಾದರೂ ಅವಸರ ಮಾಡಿದರೆ ನಿಮ್ಮ ಲೆಕ್ಕವೆಲ್ಲ ಚುಕ್ತಾ ಆಗಿದೆಯಾ ಅಂತ ಮೊದಲು ನೋಡಿಕೊಳ್ಳಿ. ಇನ್ನೊಂದು ಮುಖ್ಯ ಮಾತು, ಡಿಕ್ರಿ ಆಗುವವರೆಗೂ ನಿಮ್ಮ ಒಪ್ಪಿಗೆಯನ್ನು ವಾಪಸ್ ತಗೊಳ್ಳಬಹುದು. ಇದು 1991ರಿಂದಲೇ ಸುಪ್ರೀಂ ಕೋರ್ಟ್ ಹೇಳಿರುವ ಮಾತು. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ಕಾಯ್ದೆಗಳಿವೆ, ಆದರೆ ನಿಮ್ಮ ವಕೀಲರು ನಿಮ್ಮವರೇ ಆಗಿರಬೇಕು ಅನ್ನುವುದು ಎಲ್ಲರಿಗೂ ಒಂದೇ.

ಈಗ ಆ ಅರ್ಜಿಯ ಒಳಗೆ ಏನಿರುತ್ತದೆ ನೋಡೋಣ. ನಾಲ್ಕೈದು ಪುಟ ಇರುತ್ತದೆ, ಎಷ್ಟೋ ಸಲ ಇಂಗ್ಲಿಷಿನಲ್ಲೇ ಟೈಪ್ ಆಗಿರುತ್ತದೆ. ಮದುವೆ ಯಾವಾಗ ಆಯಿತು, ಎಲ್ಲಿ ಆಯಿತು ಅನ್ನುವ ಮೊದಲ ಪುಟ ಎಲ್ಲರೂ ಓದುತ್ತಾರೆ. ನೀವು ಓದಬೇಕಾದದ್ದು ಕೊನೆಯ ಕಡೆ ಇರುವ ಒಂದೆರಡು ಪ್ಯಾರಾ. ಅಲ್ಲಿ ಹೀಗಿರುತ್ತದೆ (ಎರಡನೇ ಅರ್ಜಿದಾರಳು ಅಂದರೆ ನೀವು): "ಎರಡನೇ ಅರ್ಜಿದಾರಳು ತನ್ನ ಒಡವೆ ಮತ್ತು ವಸ್ತುಗಳನ್ನೆಲ್ಲ ಪಡೆದುಕೊಂಡಿರುತ್ತಾಳೆ. ಹಿಂದಿನ, ಇಂದಿನ ಹಾಗೂ ಮುಂದಿನ ಜೀವನಾಂಶದ ಹಕ್ಕನ್ನು ಬಿಟ್ಟುಕೊಟ್ಟಿರುತ್ತಾಳೆ." ಎರಡೇ ಸಾಲು. ನಿಮ್ಮ ಅಮ್ಮ ಮಾಡಿಸಿದ್ದ ಸರ, ಬಳೆ ಇನ್ನೂ ಅತ್ತೆಮನೆ ಬೀರುವಿನಲ್ಲೇ ಇರುತ್ತದೆ, ಪೇಪರಿನಲ್ಲಿ ಮಾತ್ರ ನಿಮ್ಮ ಕೈಗೆ ಬಂದಾಗಿರುತ್ತದೆ! ಆಮೇಲೆ ಕೇಳಲು ಹೋದರೆ ನಿಮ್ಮ ಸಹಿಯನ್ನೇ ನಿಮಗೆ ತೋರಿಸುತ್ತಾರೆ. ಮಗಳ ಜೀವನಾಂಶ ಮಗಳ ಹಕ್ಕು, ಅದನ್ನು ತಾಯಿ ಬಿಟ್ಟುಕೊಟ್ಟೆ ಅಂತ ಬರೆದರೂ ಮಗು ಬಿಟ್ಟ ಹಾಗಲ್ಲ. ಆದರೆ ನಿಮ್ಮದನ್ನು ಸಹಿ ಹಾಕಿ ಬಿಟ್ಟ ಮೇಲೆ ಮತ್ತೆ ಪಡೆಯುವುದು ತುಂಬಾ ಕಷ್ಟ. ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಮಾತು ತೆಲುಗು ಅಲ್ವಾ, ಯಾವ ಭಾಷೆಯಲ್ಲಿ ನಿಮಗೆ ಚೆನ್ನಾಗಿ ಅರ್ಥ ಆಗುತ್ತದೋ ಆ ಭಾಷೆಯಲ್ಲಿ ಸಾಲು ಸಾಲಾಗಿ ಓದಿ ಹೇಳಿಸಿಕೊಳ್ಳಿ. ಹಾಗೆ ಕೂತು ಓದಿ ಹೇಳುವವರೇ ನಿಮಗೆ ಬೇಕಾದ ವಕೀಲರು.

ದುಡ್ಡಿನ ವಿಚಾರ. "ಡೈವೋರ್ಸ್ ಆದಮೇಲೆ ಕೊಡ್ತೀವಿ" ಅನ್ನುವ ಮಾತಿಗೆ ಒಪ್ಪಬೇಡಿ. ಅರ್ಜಿ ಹಾಕುವ ದಿನ ಒಂದು ಭಾಗ, ಕೊನೆಯ ದಿನ ಉಳಿದದ್ದಕ್ಕೆ ಡಿಡಿ, ಅದೂ ಕೋರ್ಟಿನಲ್ಲಿ ಜಡ್ಜ್ ಎದುರಿಗೇ ಕೈಗೆ ಬರಬೇಕು, ಡಿಡಿ ನಂಬರ್ ದಾಖಲಾಗಬೇಕು. ದುಡ್ಡಿನ ಬದಲು ಸೈಟು, ಜಮೀನು ಕೊಡುತ್ತೇವೆ ಅನ್ನುವುದು ನಮ್ಮ ಕಡೆ ಈಗ ಜಾಸ್ತಿ. ಏರ್‌ಪೋರ್ಟ್ ಬಂದಮೇಲೆ ಚಿಕ್ಕಬಳ್ಳಾಪುರದ ಸುತ್ತ ಭೂಮಿಗೆ ಬೆಲೆ ಬಂದಿರುವುದರಿಂದ ಆ ಮಾತು ಕೇಳಲು ಚೆನ್ನಾಗಿಯೇ ಇರುತ್ತದೆ. ಪಹಣಿ ತೆಗೆಸಿ ನೋಡಿ. ಅಪ್ಪ, ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದು ಭಾಗವೇ ಆಗಿಲ್ಲ ಅಂದರೆ ನಿಮ್ಮ ಯಜಮಾನರು ಒಬ್ಬರೇ ಹೇಳಿದ ಮಾತಿಗೆ ಬೆಲೆ ಇಲ್ಲ. ಸಾಲ ಇದೆಯಾ ಅಂತ ಇಸಿ (ಋಣಭಾರ ಪತ್ರ) ತೆಗೆಸಿ. ಕೊನೆಯ ಸಹಿಗೆ ಮೊದಲೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಿಮ್ಮ ಹೆಸರಿಗೋ ಮಗಳ ಹೆಸರಿಗೋ ರಿಜಿಸ್ಟರ್ ಆಗಲಿ.

"ನನಗೆ ಆದಾಯವೇ ಇಲ್ಲ" ಅನ್ನುವವರೂ ಇದ್ದಾರೆ. ಹಾಲಿನ ಬಿಲ್ಲು ಅವರ ಅಕೌಂಟಿಗೇ ಬರುತ್ತಿರುತ್ತದೆ, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹೋಗುತ್ತಿರುತ್ತದೆ, ಆದರೂ ಇಲ್ಲ. ಒಪ್ಪಂದ ಮುರಿದು ಜೀವನಾಂಶದ ಕೇಸಿಗೇ ಹೋಗಬೇಕಾಗಿ ಬಂದರೆ, ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ (ಅಫಿಡವಿಟ್) ಹಾಕಲೇಬೇಕು ಅಂತ 2020ರ ರಜನೇಶ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಅಂತಲೂ ಅದರಲ್ಲೇ ಇದೆ. ಎಲ್ಲರೂ 125 ಅಂತ ಕರೆಯುತ್ತಿದ್ದ ಆ ಜೀವನಾಂಶದ ಕೇಸು ಈಗ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾಯ್ದೆ ಬಿಎನ್‌ಎಸ್‌ಎಸ್‌ನ ಸೆಕ್ಷನ್ 144. ಇದು ಗೊತ್ತಿರುವ ವಕೀಲರು ಪಕ್ಕದಲ್ಲಿದ್ದರೆ ಮಾತುಕತೆಯಲ್ಲೇ ಎದುರು ಕಡೆಯವರ ದನಿ ಬದಲಾಗುತ್ತದೆ.

ನೀವು ಮೊದಲು ವರದಕ್ಷಿಣೆ ಕಿರುಕುಳದ ಕೇಸು ಕೊಟ್ಟಿದ್ದರೆ "ಅದನ್ನು ವಾಪಸ್ ತಗೊಂಡು ಬಾ, ಆಮೇಲೆ ಸಹಿ" ಅನ್ನುತ್ತಾರೆ. ಎಲ್ಲರೂ 498ಎ ಅನ್ನುವ ಆ ಕೇಸನ್ನು (ಹೊಸ ದಂಡ ಸಂಹಿತೆ ಬಿಎನ್‌ಎಸ್‌ನಲ್ಲಿ ಈಗ ಸೆಕ್ಷನ್ 85) ನೀವು ಸ್ಟೇಷನ್ನಿಗೆ ಹೋಗಿ ವಾಪಸ್ ತಗೊಳ್ಳಲು ಆಗುವುದಿಲ್ಲ. ರಾಜಿ ಆಗಿದೆ ಅಂತ ತೋರಿಸಿ ಹೈಕೋರ್ಟಿನಲ್ಲಿ ರದ್ದು ಮಾಡಿಸಬೇಕು, ಅದಕ್ಕೆ ನಿಮ್ಮ ಅಫಿಡವಿಟ್ ಬೇಕು. ಆ ಅಫಿಡವಿಟ್ ಯಾವ ದಿನ, ಯಾವ ಕಂತು ಬಂದಮೇಲೆ ಕೊಡುತ್ತೀರಿ ಅನ್ನುವುದೂ ಒಪ್ಪಂದದಲ್ಲಿ ಬರೆದಿರಬೇಕು.

ಸರಿ, ವಕೀಲರನ್ನು ಎಲ್ಲಿಂದ ತರೋದು? ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ ಸೆಕ್ಷನ್ 12 ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಆದಾಯ ಎಷ್ಟು ಅನ್ನುವ ಮಿತಿ ಹೆಂಗಸರಿಗೆ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ. ಚಿಂತಾಮಣಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ, ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಪ್ರಾಧಿಕಾರ. ಆಧಾರ್, ಮದುವೆ ಪತ್ರಿಕೆ, ಮದುವೆ ಫೋಟೋ ತಗೊಂಡು ಹೋಗಿ ಅರ್ಜಿ ಕೊಡಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಉಚಿತ ಅಂದರೆ ಕಡಿಮೆ ಅಂತ ಅನ್ನುವವರ ಮಾತು ಕೇಳಬೇಡಿ. ಅವರೂ ಅದೇ ಕೋರ್ಟಿನಲ್ಲಿ ದಿನಾ ಕೇಸು ನಡೆಸುವ ವಕೀಲರೇ.

ಫೀಸ್ ಕೊಟ್ಟು ಇಟ್ಟುಕೊಳ್ಳುತ್ತೀರಿ ಅಂದರೆ ಎಂ.ಸಿ. (ಗಂಡ ಹೆಂಡತಿ ನಡುವಿನ ಮದುವೆ ವಿಚಾರದ) ಕೇಸುಗಳನ್ನು ಆಗಾಗ ನಡೆಸುವವರನ್ನೇ ನೋಡಿ, ಜಮೀನಿನ ಕೇಸಿನಲ್ಲಿ ಹೆಸರು ಮಾಡಿದವರು ಇದಕ್ಕೂ ಸರಿ ಅಂತ ಅಂದುಕೊಳ್ಳಬೇಡಿ. ಒಟ್ಟು ಎಷ್ಟು, ತಾರೀಖಿಗೆ ಇಷ್ಟು ಅಂತ ಬೇರೆ ಇದೆಯಾ, ಟೈಪಿಂಗ್, ಪ್ರೊಸೆಸ್ (ನೋಟಿಸ್ ಕಳಿಸುವ) ಖರ್ಚು ಅದರಲ್ಲೇ ಸೇರಿದೆಯಾ ಅಂತ ಮೊದಲ ದಿನವೇ ಕೇಳಿ. ನಾಚಿಕೆ ಪಡುವುದು ಏನೂ ಇಲ್ಲ. ಫೋನ್ ಪೇನಲ್ಲಿ ಕೊಟ್ಟರೆ ದಾಖಲೆ ಇರುತ್ತದೆ. "ಬರುವ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್ ನನಗೆ" ಅಂದರೆ ಅಲ್ಲಿಂದ ಎದ್ದು ಬನ್ನಿ, ಅದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ.

ಯಾವ ಕೋರ್ಟು ಅನ್ನುವುದೂ ನಿಮ್ಮ ಕೈಯಲ್ಲಿದೆ. ಮದುವೆ ಎಲ್ಲಿ ಆಯಿತೋ ಅಲ್ಲಿ, ಕೊನೆಗೆ ಒಟ್ಟಿಗೆ ಇದ್ದ ಊರಿನಲ್ಲಿ, ಹೆಂಡತಿ ಅರ್ಜಿದಾರಳಾದರೆ ಅವಳು ಈಗ ಇರುವ ಊರಿನಲ್ಲೂ ಹಾಕಬಹುದು. ಕೈವಾರದಲ್ಲಿ ಮದುವೆ ಆಗಿದ್ದರೆ ಚಿಂತಾಮಣಿಯಲ್ಲೇ ಹಾಕಬಹುದು. ಅವರ ವಕೀಲರಿಗೆ ಅನುಕೂಲ ಅಂತ ಪ್ರತಿ ತಾರೀಖಿಗೂ ಮಗು ಎತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ.

ಇನ್ನು ಊರಿನ ಹಿರಿಯರು ಸೇರಿ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸಿ ನೋಟರಿ ಮಾಡಿಸುವುದು ಇನ್ನೂ ನಡೆಯುತ್ತಿದೆ. ಸಮುದಾಯದ ರೂಢಿ ಅಂತ ಕೋರ್ಟಿನಲ್ಲಿ ಸಾಬೀತು ಮಾಡಲು ಆಗದಿದ್ದರೆ ಅದು ಡೈವೋರ್ಸೇ ಅಲ್ಲ. ಅದನ್ನು ನಂಬಿ ಮತ್ತೆ ಮದುವೆ ಆದವರು ತೊಂದರೆಗೆ ಸಿಕ್ಕಿಬೀಳುತ್ತಾರೆ.

ಕೊನೆಗೆ ನೀವು ಸಹಿ ಹಾಕಿರುವ ಆ ಖಾಲಿ ವಕಾಲತ್ತು. ಗಾಬರಿ ಬೇಡ, ಆದರೆ ಈ ವಾರವೇ ಕೆಲಸ ಶುರು ಮಾಡಿ. "ನನ್ನ ಸಹಿ ಇರುವ ವಕಾಲತ್ತು ಬಳಸಬೇಡಿ, ವಾಪಸ್ ಕೊಡಿ" ಅಂತ ಬರೆದು ಆ ವಕೀಲರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಜಿಲ್ಲೆ, ಕೋರ್ಟು ಆರಿಸಿ ನಿಮ್ಮ ಹೆಸರು, ಯಜಮಾನರ ಹೆಸರು ಎರಡನ್ನೂ ಹಾಕಿ ಹುಡುಕಿ. ದುಡ್ಡು ಕೊಡಬೇಕಾಗಿಲ್ಲ, ಅರ್ಜಿ ಆಗಲೇ ಬಿದ್ದಿದ್ದರೆ ಎಂ.ಸಿ. ನಂಬರ್, ಮುಂದಿನ ತಾರೀಖು ಎರಡೂ ಕಾಣುತ್ತದೆ. ಬಿದ್ದಿದ್ದರೆ ನಿಮ್ಮ ಹೊಸ ವಕೀಲರು ಕೋರ್ಟಿನ ಅನುಮತಿ ಪಡೆದು ಹಳೆಯ ವಕಾಲತ್ತು ಬದಲಾಯಿಸುತ್ತಾರೆ. ಫೀಸ್ ಬಾಕಿ ಅಂತ ಹೇಳಿ ಫೈಲ್ ಹಿಡಿದುಕೊಳ್ಳುವ ಹಕ್ಕು ಯಾವ ವಕೀಲರಿಗೂ ಇಲ್ಲ, 2000ದಲ್ಲೇ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟ ಮಾಡಿದೆ. ಹೊಸ ವಕೀಲರು ಸಿಗುವ ಮೊದಲೇ ತಾರೀಖು ಬಂದುಬಿಟ್ಟರೆ ತಪ್ಪಿಸಬೇಡಿ. ಹೋಗಿ, ಹೆಸರು ಕರೆದಾಗ ಎದ್ದು ನಿಂತು "ಸ್ವಾಮಿ, ನನಗೆ ಬೇರೆ ವಕೀಲರು ಬೇಕು, ಪೇಪರ್ ಓದಿಸಿಕೊಳ್ಳಲು ಸಮಯ ಕೊಡಿ" ಅಂತ ನೀವೇ ಜಡ್ಜ್ ಹತ್ತಿರ ಹೇಳಿ.